ಹಸುಗಳ ಹುಲ್ಲುಗಾವಲಿನಲ್ಲಿ ಐದು ರಾತ್ರಿ

ಅರವತ್ತೈದು ತುಂಬಿದ ಒಬ್ಬ ಹೆಂಗಸು. ಮೈಮೇಲೆ ಇಳಕಲ್ ಸೀರೆ, ಸೀರೆಯ ಮೇಲೆ ಅಳಿಯನ ಮಳೆಯಂಗಿ, ಸೀರೆಯ ಕೆಳಗೆ ಮೊಣಕಾಲುದ್ದದ ಗಮ್ ಬೂಟು. ಒಂದು ಕೈಯಲ್ಲಿ ಮಡಿಸುವ ಕುರ್ಚಿ, ಇನ್ನೊಂದರಲ್ಲಿ ಅವಲಕ್ಕಿ ಡಬ್ಬಿ. ಎದುರಿಗೆ ಕಣ್ಣು ಹಾಯುವಷ್ಟು ದೂರಕ್ಕೂ ಜನ. ಅವರಾಚೆ ಗಿಟಾರು, ಡ್ರಮ್ಮು, ಎದೆಯೊಳಗೇ ಗುದ್ದಿದಂಥ ಸದ್ದು. ನಗಬೇಡಿ ಸೋದರಿಯರೇ, ಆ ಹೆಂಗಸು ನಾನೇ!

ಇಂಗ್ಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮ ತಿಪಟೂರಿನಲ್ಲಿ ಎಲ್ಲರೂ ಕೇಳುವುದು ಒಂದೇ. ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ, ಕೊಹಿನೂರ್ ವಜ್ರ ನೋಡಿದಿರಾ? ಎಲ್ಲಾ ನೋಡಿದೆ. ಆದರೆ ಅವುಗಳ ವಿಚಾರ ನಿಮಗೆ ಬೇಕಾದಷ್ಟು ಜನ ಬರೆದು ಹೇಳಿದ್ದಾರೆ. ನಾನು ಹೇಳಹೊರಟದ್ದು ಒಂದು ಹಾಲಿನ ಡೈರಿಯ ಸಮಾಚಾರ.

ಆ ದೇಶದ ನೈಋತ್ಯ ಮೂಲೆಗೆ ಸಾಮರ್‌ಸೆಟ್ ಎಂಬ ಸೀಮೆ ಇದೆ. ಹಸಿರು ದಿಬ್ಬಗಳು, ಬೇಲಿ ಸಾಲು, ಮೇಯುವ ದನ. ನಮ್ಮ ಮಲೆನಾಡಿನ ಅಂಚಿನಂತೆ ಕಾಣುತ್ತದೆ, ಅಡಿಕೆ ಮರವೊಂದಿಲ್ಲ ಅಷ್ಟೆ. ಅಲ್ಲಿ ಪಿಲ್ಟನ್ ಎನ್ನುವ ಪುಟ್ಟ ಹಳ್ಳಿ. ಹಳ್ಳಿಯ ಮಗ್ಗುಲಲ್ಲಿ ವರ್ದಿ ಫಾರ್ಮ್, ಹಾಲು ಕರೆದು ಬದುಕುವ ಒಂದು ಮನೆತನದ ಜಮೀನು. 1954ರಲ್ಲಿ ತಂದೆ ತೀರಿಕೊಂಡಾಗ ಮೈಕೇಲ್ ಈವಿಸ್ ಎಂಬ 19 ವರ್ಷದ ಹುಡುಗ ಹಡಗಿನ ಕೆಲಸ ಬಿಟ್ಟು ಬಂದು ಹಸುಗಳ ಹೊಣೆ ಹೊತ್ತ. 1970ರಲ್ಲಿ ಹತ್ತಿರದ ಊರಿನಲ್ಲಿ ನಡೆದ ಒಂದು ಬಯಲು ಸಂಗೀತಕ್ಕೆ ಹೋಗಿದ್ದನಂತೆ. ಜೊತೆಯಲ್ಲಿ ಜೀನ್, ಆಮೇಲೆ ಆತನ ಹೆಂಡತಿಯಾದಾಕೆ. ನೋಡಿ ಬಂದವನಿಗೆ ಇದನ್ನು ನಮ್ಮ ಹೊಲದಲ್ಲೇ ಏಕೆ ಮಾಡಬಾರದು ಎನ್ನಿಸಿತು. ಅದೇ ಸೆಪ್ಟೆಂಬರ್ 19ಕ್ಕೆ ಮಾಡಿಯೂ ಬಿಟ್ಟ. ಟಿಕೆಟ್ಟು 1 ಪೌಂಡು, ಅದರ ಜೊತೆಗೆ ಫಾರ್ಮಿನ ಹಾಲು ಪುಕ್ಕಟೆ! ಬಂದವರು 1,500 ಜನ. ಕೈಗೆ ಹತ್ತಿದ್ದು ನಷ್ಟ.

ನಮ್ಮಲ್ಲಾಗಿದ್ದರೆ ಮನೆಯವರೆಲ್ಲ ಸೇರಿ, "ಸಾಕು ಮಾಡಪ್ಪಾ ನಿನ್ನ ಹುಚ್ಚು" ಅಂತ ಕೂರಿಸಿಬಿಡುತ್ತಿದ್ದೆವು. ಅಲ್ಲಿ ಯಾರೂ ಕೂರಿಸಲಿಲ್ಲವೋ, ಕೂರಿಸಿದರೂ ಆತ ಕೂರಲಿಲ್ಲವೋ, ಅಂತೂ ಅದು ನಡೆದುಕೊಂಡು ಬಂತು. ಹತ್ತು ಕಿಲೋಮೀಟರ್ ದೂರದ ಗ್ಲಾಸ್ಟನ್‌ಬರಿ ಪಟ್ಟಣದ ಹೆಸರೇ ಉತ್ಸವಕ್ಕೂ ನಿಂತಿತು. 1971ರಲ್ಲಿ ಪಿರಮಿಡ್ಡಿನ ಆಕಾರದ ವೇದಿಕೆ ಕಟ್ಟಿದರು. 1981ರಲ್ಲಿ ಕಟ್ಟಿದ ಎರಡನೆಯ ಪಿರಮಿಡ್ಡಂತೂ ವರ್ಷವಿಡೀ ದನದ ಕೊಟ್ಟಿಗೆ, ಹುಲ್ಲಿನ ಉಗ್ರಾಣ. ಹಬ್ಬ ಬಂದಾಗ ಮಾತ್ರ ರಂಗಮಂಟಪ. ಅದು 1994ರಲ್ಲಿ, ಉತ್ಸವಕ್ಕೆ ಕೆಲವೇ ದಿನ ಇರುವಾಗ ಸುಟ್ಟುಹೋಯಿತು. ಈಗಿರುವುದು 2000ದಲ್ಲಿ ಎದ್ದದ್ದು. ಜೀನ್ 1999ರಲ್ಲಿ ತೀರಿಕೊಂಡರು. ಆಮೇಲೆ ಮಗಳು ಎಮಿಲಿ ತಂದೆಯ ಪಕ್ಕದಲ್ಲಿ ನಿಂತಳು. ಮುದುಕಪ್ಪನಿಗೆ 2024ರಲ್ಲಿ ಸರ್ ಪದವಿಯೂ ಬಂತೆನ್ನಿ. ಆ 1,500 ಜನ ಇದ್ದ ಜಾಗದಲ್ಲಿ, ಸುತ್ತಮುತ್ತಲಿನ ಹೊಲಗಳೂ ಸೇರಿ ಸುಮಾರು 900 ಎಕರೆಯಲ್ಲಿ, ಈಗ ಎರಡು ಲಕ್ಷಕ್ಕೆ ಮೇಲ್ಪಟ್ಟು ಜನ ಸೇರುತ್ತಾರೆ.

ಇದಕ್ಕೂ ತಿಪಟೂರಿನ ನನಗೂ ಏನು ನಂಟು ಅಂತೀರಾ? ಹೇಳುತ್ತೇನೆ. ಹೇಳುವುದಕ್ಕೆ ಸ್ವಲ್ಪ ಸಂಕೋಚವೇ.

ನಮ್ಮವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದರು. 1979ರಲ್ಲಿ ಮದುವೆಯಾದಾಗ ಅವರ ಟ್ರಂಕಿನ ಜೊತೆ ಒಂದು ಗಿಟಾರೂ ಮನೆಗೆ ಬಂತು. ಗಣಪತಿ ಹಬ್ಬ ಬಂತೆಂದರೆ ಸರಿ, ನಮ್ಮೂರಲ್ಲಿ, ಅರಸೀಕೆರೆಯಲ್ಲಿ, ಕಡೂರಿನಲ್ಲಿ ಪೆಂಡಾಲಿಗೊಂದು ಆರ್ಕೆಸ್ಟ್ರಾ. ಇವರದೂ ಒಂದು ತಂಡ. ಸಿನಿಮಾ ಹಾಡೇ ಹೆಚ್ಚು, ನಡುವೆ ಒಂದೆರಡು ಇಂಗ್ಲಿಷ್ ಹಾಡು ತುರುಕುತ್ತಿದ್ದರು. ನನ್ನ ತೌರು ಕರ್ನಾಟಕ ಸಂಗೀತದ ಮನೆ. ಬೇಸಿಗೆ ರಜ ಬಂದರೆ ಅಪ್ಪ ಬೆಂಗಳೂರಿಗೆ ಕರೆದುಕೊಂಡು ಹೋಗಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ, 1939ರಿಂದ ನಡೆದುಬಂದ ರಾಮನವಮಿ ಸಂಗೀತೋತ್ಸವದ ಚಪ್ಪರದಡಿ ಕೂರಿಸುತ್ತಿದ್ದರು. ಅಂಥ ನನಗೆ ಗಂಡನ ಗಿಟಾರು ಡಬ್ಬ ಬಡಿದಂತೆ ಕೇಳುತ್ತಿತ್ತು. ಒಂದು ಸಲವೂ ಅವರ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಬಿಡುವಿರಲಿಲ್ಲ ಅಂತಲ್ಲ. ಹೋಗಲಿಲ್ಲ, ಅಷ್ಟೆ.

1984ರ ಗಣಪತಿ ಹಬ್ಬದಲ್ಲಿ ವರ್ಷದ ಮಗುವಿಗೆ ಜ್ವರ ಕಾಯುತ್ತಿತ್ತು. ಇವರು ಕಡೂರಿನಲ್ಲಿ. ರಾತ್ರಿ ಮೂರಕ್ಕೆ ಬಂದರು. ನಾನು ಬಾಗಿಲಲ್ಲೇ ನಿಂತು, "ನಾಳೆ ಇವಳನ್ನ ಕೇಳ್ಕೊಂಡು ಯಾರಾದ್ರೂ ಬಂದ್ರೆ ಏನಂತ ಹೇಳ್ಬೇಕು? ಆರ್ಕೆಸ್ಟ್ರಾದವನ ಮಗಳು ಅಂತಲೇ?" ಎಂದುಬಿಟ್ಟೆ. ವರ್ಷದ ಮಗುವಿಗೆ ವರ ಹುಡುಕಿದ ಹಾಗೆ! ಅವರು ಒಂದು ಮಾತೂ ಆಡಲಿಲ್ಲ. ಮಗುವಿನ ಹಣೆ ಮುಟ್ಟಿ ನೋಡಿದರು. ಮಾರನೆಯ ದಿನ ಗಿಟಾರನ್ನು ಹಳೇ ದುಪ್ಪಟಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. ತಿರುಗಿ ಇಳಿಸಲಿಲ್ಲ. ಜಗಳ ಆಡಿದ್ದರೆ ಚೆನ್ನಾಗಿತ್ತು. ನಾನೂ ನಾಲ್ಕು ಮಾತು ಆಡಿ ಮರೆಯುತ್ತಿದ್ದೆ. ಅವರ ಪಾಡಿಗೆ ಅವರು ಭಾನುವಾರ ಬೆಳಿಗ್ಗೆ ಟೇಪ್ ರೆಕಾರ್ಡರಿನಲ್ಲಿ ಬೀಟಲ್ಸ್ ಹಾಕಿಕೊಂಡು, ತೊಡೆಯ ಮೇಲೆ ಬೆರಳಾಡಿಸುತ್ತಾ ಪೇಪರು ಓದುವರು. ಮಗಳು ಪಕ್ಕದಲ್ಲಿ ಕೂತು ಕೇಳುವಳು. ನಾನು ಒಳಗೆ ಒಗ್ಗರಣೆ ಹಾಕುವೆ.

ಆ ಮಗಳು ಈಗ ಬ್ರಿಸ್ಟಲ್ ಊರಿನಲ್ಲಿದ್ದಾಳೆ. 2019ರ ಅಕ್ಟೋಬರಿನಲ್ಲಿ, ಮುಂದಿನ ಬೇಸಿಗೆಯ ಗ್ಲಾಸ್ಟನ್‌ಬರಿಗೆ ನಾಲ್ಕು ಟಿಕೆಟ್ಟು ಕಾದಿರಿಸಿದಳು: ತಾವಿಬ್ಬರು, ನಾವಿಬ್ಬರು. ತಲೆಗೆ 265 ಪೌಂಡು, ಮೇಲೆ ಬುಕಿಂಗ್ ಖರ್ಚು 5 ಪೌಂಡು. ನಮ್ಮ ಲೆಕ್ಕಕ್ಕೆ ಸುಮಾರು 25 ಸಾವಿರ ರೂಪಾಯಿ! ಮುಂಗಡ 50 ಪೌಂಡು. ಟಿಕೆಟ್ಟಿನ ಮೇಲೆ ಅವರವರ ಭಾವಚಿತ್ರ ಇರಬೇಕು, ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ನಮ್ಮವರು ನನ್ನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ವೀಸಾಕ್ಕೆ ಅಂದುಕೊಂಡಿದ್ದೆ. ನವೆಂಬರಿನಲ್ಲಿ, ಬೀಟಲ್ಸ್ ನಾಲ್ವರಲ್ಲಿ ಒಬ್ಬರಾದ ಪಾಲ್ ಮೆಕಾರ್ಟ್ನಿ ಅಲ್ಲಿ ಹಾಡುತ್ತಾರೆಂದು ಪ್ರಕಟವಾದಾಗ ಈ ಮನುಷ್ಯ ಮೂರು ದಿನ ಮನೆಯಲ್ಲಿ ಶಿಳ್ಳೆ ಹಾಕಿಕೊಂಡು ಓಡಾಡಿದರು.

ಮುಂದಿನದು ನಿಮಗೆಲ್ಲ ಗೊತ್ತೇ ಇದೆ. 2020ರಲ್ಲಿ ಕೊರೋನಾ ಬಂದು ಉತ್ಸವ ನಿಂತಿತು. 2021ರಲ್ಲೂ ನಿಂತಿತು. ಆ ಮೇ ತಿಂಗಳಲ್ಲಿ ನಮ್ಮವರು ಹೋದರು. ಮಗಳು ಬರುವ ದಾರಿಗಳೆಲ್ಲ ಮುಚ್ಚಿದ್ದವು. ಫೋನಿನ ಪರದೆಯಲ್ಲೇ ನೋಡಿದಳು. ಮುಂಗಡ ಕೊಟ್ಟವರ ಟಿಕೆಟ್ಟು ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತಲೇ ಇತ್ತು. 2022ರಲ್ಲಿ ಮಗಳು, "ಅಪ್ಪಂದು ವಾಪಸ್ ಮಾಡಿದೆ ಅಮ್ಮ. ನಿಂದು ಮಾಡಿಲ್ಲ," ಎಂದಳು. ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ.

ಹೀಗೆ ಹೊರಟೆವು. ಜೂನ್ 22ನೇ ತಾರೀಖು, ಬುಧವಾರ. ಆ ವಾರ ಅಲ್ಲಿ ರೈಲ್ವೆ ಮುಷ್ಕರ ಬೇರೆ, ರೋಡೆಲ್ಲ ಕಾರುಗಳ ಸಾಲು. ಮಗಳ ಮನೆಯಿಂದ ನಲವತ್ತು ಕಿಲೋಮೀಟರ್ ಇರಬಹುದು, ತಲುಪಲು ಅರ್ಧ ದಿನ ಹಿಡಿಯಿತು. ಕಾರು ನಿಲ್ಲಿಸಿದ ಮೇಲೆ ನಡಿಗೆ. ಡೇರೆ, ಹಾಸಿಗೆ, ಬಟ್ಟೆ, ಊಟ ಎಲ್ಲವೂ ಬೆನ್ನ ಮೇಲೆ. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರ ಹಾಗೆ ಜನ ಸಾಲುಗಟ್ಟಿ ಹೋಗುತ್ತಿದ್ದರು. ಯಾರೂ ಗೊಣಗಲಿಲ್ಲ, ಸಾಲು ಮುರಿದು ನುಗ್ಗಲಿಲ್ಲ. ಇದೊಂದು ಅವರಿಂದ ಕಲಿಯಬೇಕು.

ಬಾಗಿಲಲ್ಲಿ ಒಂದು ಪೇಚು. ಗಾಜಿನ ಸಾಮಾನು ಒಳಗೆ ಬಿಡುವುದಿಲ್ಲವಂತೆ. ಒಡೆದ ಚೂರು ಹುಲ್ಲಲ್ಲಿ ಸೇರಿದರೆ ಬರಿಗಾಲಿನವರಿಗೆ, ಆಮೇಲೆ ಮೇಯುವ ಹಸುವಿಗೆ ಅಪಾಯ. ನನ್ನ ಚೀಲದಲ್ಲಿ ಒಂದು ದೊಡ್ಡ ಬಾಟಲಿ ತುಂಬಾ ಹುಣಿಸೆ ಗೊಜ್ಜು! ತಪಾಸಣೆಯ ಹುಡುಗಿ ಅದನ್ನು ಬೆಳಕಿಗೆ ಹಿಡಿದು, ಮೂಸಿ, ಇದೇನು ಎಂದು ಕೇಳಿದಳು. ಮಗಳು ಅದೇನು ವಿವರಿಸಿದಳೋ. ಕೊನೆಗೆ ಅಲ್ಲೇ ದಾರಿ ಬದಿಯಲ್ಲಿ ಕೂತು, ಹಿಂದಿನವರೆಲ್ಲ ನೋಡುತ್ತಿರುವಾಗ, ಗೊಜ್ಜನ್ನು ಚಮಚೆಯಿಂದ ಬಳಿದು ಸ್ಟೀಲ್ ಡಬ್ಬಿಗೆ ತುಂಬಿದ್ದಾಯಿತು. ಬಾಟಲಿ ಅಲ್ಲಿಟ್ಟೆ, ಗೊಜ್ಜು ಬಿಡಲಿಲ್ಲ.

ಆ ಗೊಜ್ಜೇ ಐದು ದಿನ ನನ್ನನ್ನು ಕಾಪಾಡಿತು. ಗಟ್ಟಿ ಅವಲಕ್ಕಿಯನ್ನು ಬೆಚ್ಚಗೆ ಮಾಡಿ ರವೆಯಂತೆ ತರಿತರಿಯಾಗಿ ಕುಟ್ಟಿ ಒಯ್ದಿದ್ದೆ. ಹುಣಿಸೆ ರಸಕ್ಕೆ ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಎಣ್ಣೆ ತೇಲುವ ತನಕ ಕುದಿಸಿದ ಗೊಜ್ಜು. ಬೇರೆ ಪೊಟ್ಟಣದಲ್ಲಿ ಕಡಲೇಕಾಯಿ ಬೀಜ, ಕರಿಬೇವು, ಇಂಗಿನ ಒಗ್ಗರಣೆ ಮತ್ತು ಒಣಕೊಬ್ಬರಿ ತುರಿ. ಟೀ ಅಂಗಡಿಯಲ್ಲಿ ಒಂದು ಲೋಟ ಬಿಸಿನೀರು ಕೇಳಿ ಗೊಜ್ಜು ಕದಡಿ, ಅವಲಕ್ಕಿಗೆ ಬೆರೆಸಿ ಹತ್ತು ನಿಮಿಷ ಮುಚ್ಚಿಟ್ಟರೆ ಹುಳಿ ಅವಲಕ್ಕಿ ಸಿದ್ಧ. ಒಲೆ ಬೇಡ, ಪಾತ್ರೆ ಬೇಡ. ಪ್ರಯಾಣಕ್ಕೆ ನೀವೂ ಮಾಡಿಟ್ಟುಕೊಳ್ಳಿ. ಪಕ್ಕದ ಡೇರೆಯ ಹುಡುಗರು ರುಚಿ ನೋಡಿ ದಿನಾ ಬೆಳಿಗ್ಗೆ ತಟ್ಟೆ ಹಿಡಿದು ಬರಲು ಶುರುಮಾಡಿದರು. ಅಂಗಡಿಗಳೂ ನೂರಾರಿವೆ, ಸಸ್ಯಾಹಾರ ಧಾರಾಳ, ಬೆಲೆಯೂ ಧಾರಾಳ. ಹರೇಕೃಷ್ಣದವರು ಮಾತ್ರ ತಮ್ಮ ಡೇರೆಯಲ್ಲಿ ಬಂದವರಿಗೆಲ್ಲ ಪುಕ್ಕಟೆ ಊಟ ಬಡಿಸುತ್ತಾರೆ. ಇಷ್ಟು ದೂರ ಬಂದು ಅನ್ನ, ಬೇಳೆ ಕಂಡಾಗ ಕಣ್ಣಲ್ಲಿ ನೀರು ಬಂದಿತೆಂದರೆ ನಂಬುತ್ತೀರಾ?

ಪಾಯಿಖಾನೆಯ ವಿಷಯ ಬರೆಯದಿದ್ದರೆ ನೀವು ನನ್ನನ್ನು ಕ್ಷಮಿಸಲಾರಿರಿ, ಮೊದಲು ಅದನ್ನೇ ಕೇಳುವವರು ನಾವು. ಉದ್ದಕ್ಕೆ ಹೊಂಡ, ಅದರ ಮೇಲೆ ಹಲಗೆಯ ಗೂಡುಗಳ ಸಾಲು, ಮೇಲೆ ಬಯಲು ಆಕಾಶ. ನಮ್ಮ ಕಾಲದ ಹಿತ್ತಲ ಪಾಯಿಖಾನೆ ಕಂಡವರಿಗೆ ಅದೇನೂ ಹೊಸದಲ್ಲ, ಹೆದರಬೇಡಿ. ಬೆಳಿಗ್ಗೆ ಐದಕ್ಕೇ ಎದ್ದು ಹೋಗಿಬಂದರೆ ಸುಖ. ಹತ್ತಕ್ಕೆ ಎದ್ದವರ ಪಾಡು ದೇವರಿಗೇ ಪ್ರೀತಿ. ಹೊಲದಲ್ಲಿ, ಬೇಲಿ ಮರೆಯಲ್ಲಿ ಕೂರಬೇಡಿ ಅಂತ ಅಲ್ಲಲ್ಲಿ ಬೋರ್ಡು ಬರೆದು ಹಾಕಿದ್ದಾರೆ. ಎರಡು ಲಕ್ಷ ಜನ ಹಾಗೆ ಮಾಡಿದರೆ ಅಷ್ಟೂ ಹಳ್ಳಕ್ಕೆ ಇಳಿದು ಮೀನು ಸಾಯುತ್ತವೆ. ಕುಡಿಯುವ ನೀರಿನ ನಲ್ಲಿಗಳು ಬೇಕಾದಷ್ಟಿವೆ. 2019ರಿಂದ ಪ್ಲಾಸ್ಟಿಕ್ ನೀರಿನ ಬಾಟಲಿ ಮಾರುವುದನ್ನೇ ನಿಲ್ಲಿಸಿದ್ದಾರೆ. ಚೊಂಬು ನಮ್ಮದು, ನೀರು ಅವರದು. ಹಸುಗಳನ್ನು ಆ ದಿನಗಳಲ್ಲಿ ದೊಡ್ಡ ಕೊಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಐದಾರು ವರ್ಷಕ್ಕೊಮ್ಮೆ ಉತ್ಸವವನ್ನೇ ಮಾಡದೆ ನೆಲಕ್ಕೆ ಬಿಡುವು ಕೊಡುತ್ತಾರೆ. 2012ರಲ್ಲಿ, 2018ರಲ್ಲಿ ಹಾಗೆ ಬಿಟ್ಟಿದ್ದರು. ಬೀಳು ಬಿಟ್ಟ ಹೊಲ ಅಂದರೆ ನಮ್ಮ ರೈತರಿಗೆ ಅರ್ಥವಾಗುತ್ತದೆ. ಆದಾಯ ತರುವ ಜಾತ್ರೆಯನ್ನು ಹುಲ್ಲಿಗಾಗಿ ನಿಲ್ಲಿಸುವುದು ನನಗೆ ಬಹಳ ಹಿಡಿಸಿತು.

ಕೆಟ್ಟದ್ದೂ ಹೇಳಬೇಕಲ್ಲ. ಕುಡಿತ ವಿಪರೀತ. ಕೆಲವು ಕಡೆ ಗಾಳಿಯಲ್ಲೇ ಏನೇನೋ ಹೊಗೆ ವಾಸನೆ. ಸೆರಗು ಮೂಗಿಗೆ ಹಿಡಿದು ದಾಟಿದೆ. ಡೇರೆಯಲ್ಲಿ ರಾತ್ರಿಯಿಡೀ ದೂರದ ಡಂ ಡಂ ಸದ್ದು. ಕಿವಿಗೆ ಹತ್ತಿ, ತಲೆಗೆ ಮಫ್ಲರ್ ಕಟ್ಟಿ ಮಲಗಿದೆ. ಬೇಸಿಗೆಯಂತೆ, ಬೇಸಿಗೆ! ರಾತ್ರಿಯ ಚಳಿಗೆ ಎರಡು ಸ್ವೆಟರ್ ಸಾಲಲಿಲ್ಲ. 1997ರಲ್ಲಿ, 1998ರಲ್ಲಿ ಮಳೆ ಸುರಿದು ಮೊಣಕಾಲುದ್ದ ಕೆಸರಾಗಿತ್ತಂತೆ, 2005ರಲ್ಲಿ ಡೇರೆಗಳೇ ಮುಳುಗಿದವಂತೆ. ನಮ್ಮ ಪುಣ್ಯಕ್ಕೆ ಆ ಸಲ ಹನಿ ಉದುರಿದ್ದು ಬಿಟ್ಟರೆ ತೊಂದರೆಯಾಗಲಿಲ್ಲ. ಬೂಟು ಮಾತ್ರ ನಾನು ಬಿಚ್ಚಲಿಲ್ಲ. ಹಾವಿನ ಭಯ. ಅಲ್ಲಿ ಹಾವಿಲ್ಲ ಅಂತ ಅಳಿಯ ಎಷ್ಟು ಹೇಳಿದರೂ ಹುಲ್ಲು ಹುಲ್ಲೇ ಅಲ್ಲವೇ?

ಇನ್ನು ಸಂಗೀತ. ಬ್ಯಾಂಡ್ ಅಂದರೆ ನಮಗೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು. ಅಲ್ಲಿ ನಾಲ್ಕೈದು ಜನ ಸ್ನೇಹಿತರು ಸೇರಿ ಕಟ್ಟಿಕೊಂಡ ತಂಡಕ್ಕೆ ಆ ಹೆಸರು. ಹಾಡುವವರೂ ಅವರೇ, ಬಾರಿಸುವವರೂ ಅವರೇ, ಹಾಡು ಕಟ್ಟುವವರೂ ಬಹುಮಟ್ಟಿಗೆ ಅವರೇ. ಬೆಳಿಗ್ಗೆ ಹನ್ನೊಂದರಿಂದ ನಡುರಾತ್ರಿಯವರೆಗೆ ಒಂದರ ಹಿಂದೊಂದು. ವೇದಿಕೆ ಒಂದಲ್ಲ, ಹತ್ತಾರು. ಒಂದರಲ್ಲಿ ಇವರು ಹಾಡುವಾಗ ಇನ್ನೊಂದರಲ್ಲಿ ಅವರು. ಯಾವುದನ್ನು ಕೇಳುವುದು, ಯಾವುದನ್ನು ಬಿಡುವುದು? ಮಗಳು ಅಳಿಯ ವೇಳಾಪಟ್ಟಿ ಹಿಡಿದು ಚರ್ಚೆ ಮಾಡುವುದನ್ನು ನೋಡಿದರೆ ಜಾತಕ ಕೂಡಿಸುವವರು ನೆನಪಾಗುತ್ತಿದ್ದರು. ಒಂದು ತಂಡ ಇಳಿದು ಇನ್ನೊಂದು ಏರಲು ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ಕಪ್ಪು ಅಂಗಿಯ ಆಳುಗಳು ಬಂದು ಒಂದೊಂದು ತಂತಿ ಮೀಟಿ, ಒಂದೊಂದು ಮೈಕು ತಟ್ಟಿ ಶ್ರುತಿ ನೋಡುತ್ತಾರೆ. ನಮ್ಮ ಕಛೇರಿಯಲ್ಲಿ ವಿದ್ವಾಂಸರು ರಸಿಕರ ಎದುರೇ ಹತ್ತು ನಿಮಿಷ ತಂಬೂರಿ ತಿರುವುವ ಹಾಗೆ. ಕಿವಿ ಕೇಳದವರಿಗಾಗಿ ಪಕ್ಕದಲ್ಲಿ ನಿಂತು ಹಾಡನ್ನು ಕೈಸನ್ನೆಯಲ್ಲಿ ಹೇಳುವವರಿದ್ದರು. ಗಾಲಿಕುರ್ಚಿಯವರಿಗೆ ಎತ್ತರದ ಜಗಲಿ.

ಮೊದಲ ದಿನ ನನಗೆ ಎಲ್ಲವೂ ಗದ್ದಲವೇ. ಸುಳ್ಳೇಕೆ ಹೇಳಲಿ! ಆದರೆ ಎರಡು ದಿನ ಕೂತರೆ ಕಿವಿ ತಾನಾಗಿ ಜರಡಿ ಹಿಡಿಯುತ್ತದೆ. ಶುಕ್ರವಾರ ರಾತ್ರಿ ಬಿಲ್ಲಿ ಐಲಿಶ್ ಎಂಬ ಹುಡುಗಿ ಹಾಡಿದಳು. ವಯಸ್ಸು 20, ಆ ಪಿರಮಿಡ್ ವೇದಿಕೆಯಲ್ಲಿ ರಾತ್ರಿಯ ಕೊನೆಯ ಮುಖ್ಯ ಕಾರ್ಯಕ್ರಮ ಒಬ್ಬಳೇ ನಡೆಸಿಕೊಟ್ಟವರಲ್ಲಿ ಅಷ್ಟು ಚಿಕ್ಕವರು ಹಿಂದೆ ಯಾರೂ ಇರಲಿಲ್ಲವಂತೆ. ಜೊತೆಗೆ ಅವಳ ಸ್ವಂತ ಅಣ್ಣ, ಇನ್ನೊಬ್ಬ ಡ್ರಮ್ಮಿನವನು, ಅಷ್ಟೇ ಜನ. ಪಿಸುಮಾತಿನಂತೆ ಹಾಡುತ್ತಾಳೆ. ಅಷ್ಟು ಮೆಲ್ಲಗಿನ ದನಿಗೆ ಅಷ್ಟು ಜನ ಉಸಿರು ಬಿಗಿಹಿಡಿದು ನಿಂತಿದ್ದನ್ನು ನೋಡಿ, ಇದು ಬರೀ ಗದ್ದಲ ಅಲ್ಲ ಕಣೇ ಅಂತ ನನಗೆ ನಾನೇ ಹೇಳಿಕೊಂಡೆ.

ಮರುದಿನ ಶನಿವಾರ, 25ನೇ ತಾರೀಖು. 20ರ ಹುಡುಗಿಯ ಜಾಗದಲ್ಲಿ 80ರ ಮುದುಕ. ಪಾಲ್ ಮೆಕಾರ್ಟ್ನಿಗೆ ಹಿಂದಿನ ವಾರವಷ್ಟೇ, ಜೂನ್ 18ಕ್ಕೆ, 80 ತುಂಬಿತ್ತು. ಹಿಂದಿನ ದಿನ ಪಕ್ಕದ ಫ್ರೋಮ್ ಊರಿನ ಸಣ್ಣ ಸಭಾಂಗಣವೊಂದರಲ್ಲಿ ಹಾಡಿ ಕೈ ಪಳಗಿಸಿಕೊಂಡು ಬಂದಿದ್ದರು. ಸಂಜೆ ಐದಕ್ಕೇ ಹೋಗಿ ದಿಬ್ಬದ ಮೇಲೆ ಕುರ್ಚಿ ಹಾಕಿದೆವು. ಮಗಳ ಚೀಲದಲ್ಲಿ ಅವರ ಅಪ್ಪನ ಹಳೇ ಮಫ್ಲರು. ನಾನು ನೋಡಿಯೂ ನೋಡದ ಹಾಗಿದ್ದೆ. ಆ ದೇಶದಲ್ಲಿ ಜೂನ್ ತಿಂಗಳು ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. ದೂರದಲ್ಲಿ ಟಾರ್ ಎಂಬ ಗುಡ್ಡ, ಅದರ ತುದಿಯಲ್ಲಿ ಚಾವಣಿ ಇಲ್ಲದ ಹಳೆಯ ಗೋಪುರ. ಬಾವುಟಗಳ ನಡುವಿನಿಂದ ಆಕಾಶ ಕೆಂಪಾಗುವ ಹೊತ್ತಿಗೆ ಆ ಮನುಷ್ಯ ಗಿಟಾರು ಹಾಕಿಕೊಂಡು ಬಂದರು.

ಎರಡೂವರೆ ಗಂಟೆಗೂ ಮೇಲೆ ಹಾಡಿದರು. ದನಿ ಮೊದಲಿನದಲ್ಲ, ಮೇಲಿನ ಸ್ವರಕ್ಕೆ ಏರುವಾಗ ನಡುಗುತ್ತದೆ. ನಮ್ಮ ದೊಡ್ಡ ವಿದ್ವಾಂಸರ ಇಳಿವಯಸ್ಸಿನ ಕಛೇರಿ ಕೇಳಿದವರಿಗೆ ಆ ನಡುಕ ಹೊಸದಲ್ಲ. ದಾರಿ ಗೊತ್ತಿರುವವನು ನಿಧಾನವಾಗಿ ಮೆಟ್ಟಿಲು ಹತ್ತಿದ ಹಾಗೆ. ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಡೇವ್ ಗ್ರೋಲ್ ಎಂಬ ದೊಡ್ಡ ಹೆಸರಿನ ಅಮೆರಿಕದವರು ಬಂದು ಜೊತೆಗೂಡಿದಾಗ ಜನ ಹುಚ್ಚೆದ್ದು ಕೂಗಿದರು. ನನ್ನ ಕಣ್ಣು ಮಾತ್ರ ಅವರ ಮೇಲಿರಲಿಲ್ಲ. ಪಕ್ಕದಲ್ಲಿ ನಿಂತು ಬಾರಿಸುತ್ತಿದ್ದ ಗಿಟಾರಿನವರ ಮೇಲಿತ್ತು. ಯಜಮಾನರು ಪಿಯಾನೋಗೆ ಹೋಗಿ ಕೂತರೆ ಇವರಲ್ಲೊಬ್ಬ ತನ್ನ ಗಿಟಾರು ಬಿಟ್ಟು ಅವರ ದಪ್ಪ ತಂತಿಯ ಬೇಸ್ ಗಿಟಾರಿನ ಕೆಲಸ ಹಿಡಿಯುತ್ತಾನೆ. ಅವರು ವಾಪಸು ಬಂದರೆ ಇವನು ತನ್ನದಕ್ಕೆ ಮರಳುತ್ತಾನೆ. ನಡುನಡುವೆ ತಲೆ ತಿರುಗಿಸಿ ಡ್ರಮ್ಮಿನವನ ಕಣ್ಣು ನೋಡುತ್ತಾನೆ. ಅವನು ಹುಬ್ಬು ಏರಿಸುತ್ತಾನೆ. ಇಬ್ಬರೂ ಒಟ್ಟಿಗೆ ಇಳಿಯುತ್ತಾರೆ. ಮೃದಂಗದವರು ಪಿಟೀಲಿನವರ ಕಡೆ ನೋಡಿ ನಗುತ್ತಾರಲ್ಲ, ಮುಕ್ತಾಯಕ್ಕೆ ಬರುವಾಗ? ಅದೇ ನಗು!

ಪಕ್ಕವಾದ್ಯ! ನಮ್ಮವರೂ ತಂಡದ ಮುಂದೆ ನಿಲ್ಲುತ್ತಿದ್ದವರಲ್ಲ. ಹಾಡುವವರ ಹಿಂದೆ, ಎಡಗಡೆ ನಿಲ್ಲುತ್ತಿದ್ದರಂತೆ. ಯಾರು ಹೇಳಿದ್ದು ಅಂತ ಈಗ ನೆನಪಿಲ್ಲ, ನಾನಂತೂ ನೋಡಿರಲಿಲ್ಲ. ಐದು ವರ್ಷ, ಹತ್ತಿರತ್ತಿರ ನಲವತ್ತು ಪೆಂಡಾಲು. ಒಂದರಲ್ಲೂ ನಾನಿರಲಿಲ್ಲ.

ಆಮೇಲೆ ಜಾನ್ ಲೆನನ್ ಹಾಡಿದರು. 1980ರಲ್ಲೇ ಹೋದ ಮನುಷ್ಯ ಹೇಗೆ ಹಾಡಿದ ಅಂತೀರಾ? 1969ರಲ್ಲಿ ಕಟ್ಟಡದ ತಾರಸಿಯ ಮೇಲೆ ಬೀಟಲ್ಸ್ ಹಾಡಿದ ಚಿತ್ರವಿದೆ. ಅದರಿಂದ ಲೆನನ್ನರ ದನಿಯನ್ನಷ್ಟೇ ಯಂತ್ರದಿಂದ ಬಿಡಿಸಿ ತೆಗೆದಿದ್ದಾರೆ. ದೊಡ್ಡ ಪರದೆಯಲ್ಲಿ ಆತ ಹಾಡಿದರೆ ಕೆಳಗೆ 80ರ ಗೆಳೆಯ ಜನರಿಗೆ ಬೆನ್ನು ಮಾಡಿ, ಪರದೆಯ ಕಡೆ ತಲೆಯೆತ್ತಿ ಬಾರಿಸುತ್ತಾ ದನಿಗೂಡಿಸಿದರು. ಇದೆಲ್ಲ ಯಂತ್ರದ ಆಟ ಅಂತ ಅಂದುಕೊಳ್ಳಲು ನೋಡಿದೆ. ಆಗಲಿಲ್ಲ.

ಆಗ ಮಗಳು ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಅಮ್ಮ, ಟಿಕೆಟ್ ಬುಕ್ ಮಾಡೋವಾಗ ನಾನು ಅಪ್ಪಂದು ಒಂದೇ ಮಾಡ್ತೀನಿ ಅಂದಿದ್ದೆ. ನಿನಗೆ ಇದೆಲ್ಲ ಆಗಲ್ಲ, ಮನೇಲಿರ್ಲಿ ಅಂತ. ಅಪ್ಪ ಬೇಡ ಅಂದ್ರು. ನಿಮ್ಮಮ್ಮನಿಗೆ ಒಳ್ಳೆ ಕಿವಿ ಇದೆ ಕಣೇ, ಎದುರು ಕೂತು ಒಂದು ಸಲ ಕೇಳಿಲ್ಲ ಅಷ್ಟೆ, ಅಂದ್ರು."

ನಾನು ಏನು ಹೇಳಲಿ? ಮಫ್ಲರ್ ಕೊಡು ಅಂದೆ. ಕೊಟ್ಟಳು. ಕುತ್ತಿಗೆಗೆ ಸುತ್ತಿಕೊಂಡೆ.

ಹೇ ಜೂಡ್ ಹಾಡಿದ್ದನ್ನೂ ಹೇಳಬೇಕು. ಭಾನುವಾರ ಭಾನುವಾರ ನನ್ನ ಒಗ್ಗರಣೆಯ ಚಟಪಟದ ನಡುವೆ ಕೇಳಿಸುತ್ತಿದ್ದ ಹಾಡು. ಅದರ ಬಾಲದಲ್ಲಿ ಅರ್ಥವಿಲ್ಲದ ಒಂದೇ ಉಲಿಯನ್ನು ಮತ್ತೆ ಮತ್ತೆ ಹೇಳುವುದಿದೆ. ಭಜನೆಯಲ್ಲಿ ಹಿಡಿದ ಸೊಲ್ಲನ್ನೇ ಹಿಡಿದು ಏರಿಸುತ್ತಾ ಹೋಗುತ್ತೇವಲ್ಲ, ಹಾಗೆ. ದಿಬ್ಬದ ಮೇಲಿಂದ ಕೆಳಗಿನವರೆಗೆ ಅಷ್ಟೂ ಜನ ಹಾಡಿದರು. ಗಂಡಸರು ಬೇರೆ, ಹೆಂಗಸರು ಬೇರೆ ಅಂತ ಆ ಮುದುಕ ವಿಂಗಡಿಸಿ ಹಾಡಿಸಿದರು. ಹೆಂಗಸರ ಸರದಿ ಬಂದಾಗ ನಾನೂ ಬಾಯಿ ತೆಗೆದೆ. ಶ್ರುತಿ ಸೇರಿತು. ಮಗಳು ನನ್ನ ಮುಖ ನೋಡಲಿಲ್ಲ, ಕೈ ಹಿಡಿದುಕೊಂಡಳು. ಅಳಿಯ ಪಾಪ, ಕುರ್ಚಿ ಮಡಿಸುವ ನೆಪ ಮಾಡಿಕೊಂಡು ಅತ್ತ ತಿರುಗಿದ.

ಭಾನುವಾರ ಮಧ್ಯಾಹ್ನ ಡಯಾನಾ ರಾಸ್ ಹಾಡಿದರು. ಆಕೆಗೆ ಆಗ 78, ಮಿರಮಿರ ಮಿಂಚುವ ಉಡುಪು, ಮುಖದ ತುಂಬಾ ನಗು. ಆ ಹೊತ್ತನ್ನು ಹಿರಿಯ ಕಲಾವಿದರಿಗೇ ಮೀಸಲಿಟ್ಟಿರುತ್ತಾರಂತೆ. ಚೆನ್ನಾಗಿತ್ತು. ಆದರೆ ನನಗೆ ಹಿಂದಿನ ರಾತ್ರಿಯೇ ಹಬ್ಬ ಮುಗಿದಿತ್ತು. ಅರ್ಧ ಹೊತ್ತು ಹುಲ್ಲಿನ ಮೇಲೆ ನಿದ್ದೆ ಹೊಡೆದೆ, ಬೂಟು ಸಮೇತ.

ಯಾರಾದರೂ ಹೋಗುವುದಿದ್ದರೆ ಎರಡು ಮಾತು. ಒಳಗೆ ಜನ ಹೆಚ್ಚಿದಾಗ ಫೋನು ಹಿಡಿಯುವುದಿಲ್ಲ; ತಪ್ಪಿಸಿಕೊಂಡರೆ ಸೇರುವುದೆಲ್ಲಿ ಅಂತ ಮೊದಲೇ ಒಂದು ಗುರುತು ಮಾಡಿಕೊಳ್ಳಿ. ಹೊಲಗಳಲ್ಲೊಂದು ಕಡೆ ಕಲ್ಲುಗಳ ವೃತ್ತ ಇದೆ. ಪುರಾತನ ಅಂದುಕೊಂಡು ನಾನು ಕೈ ಮುಗಿದೆ, ಆಮೇಲೆ ಗೊತ್ತಾಯಿತು 1992ರಲ್ಲಿ ನಿಲ್ಲಿಸಿದ್ದೆಂದು. ಇರಲಿ, ಅದು ನಮ್ಮ ಗುರುತಾಯಿತು. ಸೀರೆಗಿಂತ ಸಲ್ವಾರ್ ಮೇಲು, ಬ್ಯಾಟರಿ ಮರೆಯಬೇಡಿ. 12 ವರ್ಷದವರೆಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ಹಣ ಕೊಡಲಾಗದವರು ಆಕ್ಸ್‌ಫಾಮ್‌ನಂಥ ಸೇವಾಸಂಸ್ಥೆಯ ಮೂಲಕ ಬಾಗಿಲು ಕಾಯುವ, ದಾರಿ ತೋರಿಸುವ ಕೆಲಸ ಮಾಡಿ, ಬಿಡುವಿನಲ್ಲಿ ಸಂಗೀತ ಕೇಳುತ್ತಾರೆ. ಅವರಲ್ಲಿ ನನ್ನ ವಯಸ್ಸಿನ ಹೆಂಗಸರನ್ನೂ ಕಂಡೆ.

ಸೋಮವಾರ ಬೆಳಿಗ್ಗೆ ಡೇರೆ ಬಿಚ್ಚಿದೆವು. ಸುತ್ತ ಕೆಲವರು ಡೇರೆ, ಕುರ್ಚಿ ಎಲ್ಲ ಅಲ್ಲೇ ಬಿಟ್ಟು ಹೋಗಿದ್ದರು. ಹೊಟ್ಟೆ ಉರಿಯಿತು. ಡೇರೆಯ ಗೂಟ ಒಂದು ಹುಲ್ಲಿನಲ್ಲಿ ಉಳಿದರೂ ನಾಳೆ ಹಸುವಿನ ಬಾಯಿಗೆ ಹೋಗುತ್ತದೆ ಅಂತ ನಾನು ಎಣಿಸಲು ಕೂತೆ. ಹದಿನಾಲ್ಕಿರಬೇಕು, ಹದಿಮೂರೇ ಇತ್ತು. ಮಗಳು, "ಬಿಡಮ್ಮ, ಟ್ರಾಫಿಕ್ ಆಗತ್ತೆ," ಅಂದಳು. ಅಂದವಳೇ ತಾನೂ ಮಂಡಿಯೂರಿ ಕೂತಳು. ಇಬ್ಬರೂ ಒದ್ದೆ ಹುಲ್ಲಿನಲ್ಲಿ ಕೈಯಾಡಿಸುತ್ತಿರುವಾಗ, ತಲೆ ಎತ್ತದೆಯೇ ಕೇಳಿದಳು:

"ಅಮ್ಮ, ಅಪ್ಪನ ಗಿಟಾರ್ ಇನ್ನೂ ಅಟ್ಟದ ಮೇಲಿದೆಯಾ?"

"ಇದೆ. ದುಪ್ಪಟಿ ಎರಡು ಸಲ ಬದಲಾಯಿಸಿದೀನಿ."

ಅದು ಅವಳಿಗೆ ಗೊತ್ತಿರಲಿಲ್ಲ. ನಮ್ಮವರಿಗೆ ಗೊತ್ತಿತ್ತೋ ಇಲ್ಲವೋ, ಕೇಳಬೇಕಿತ್ತು. ಗೂಟ ಕೊನೆಗೆ ನನ್ನ ಬೂಟಿನ ಅಡಿಯಲ್ಲೇ ಸಿಕ್ಕಿತು.